ಮೇಜಿನ ಮೇಲಣ ಕುರುಕ್ಷೇತ್ರ

ಮಹಾನವಮಿಯ ದಿನಗಳಲ್ಲಿ ಗೊಂಬೆಗಳನ್ನು ಕೂರಿಸುವ ಮನೆಗಳಲ್ಲಿ, ಪಟ್ಟದ ಗೊಂಬೆಗಳ ಕೆಳಗಣ ಮೆಟ್ಟಿಲುಗಳ ಮೇಲೆ, ಅಂಬಾರಿಯ ಆನೆಯ ಹಿಂದುಮುಂದೆ ಸಾಲುಗಟ್ಟಿ ನಿಂತ ಪುಟ್ಟ ಸಿಪಾಯಿಗಳನ್ನು ವಾಚಕರೆಲ್ಲರೂ ಕಂಡಿರುವರು. ಹಿರಿಯರ ಕಣ್ಣಿಗೆ ಅವು ಜಂಬೂಸವಾರಿಯ ಅಲಂಕಾರಗಳು. ಹುಡುಗರ ಕಣ್ಣಿಗೆ ಹಾಗಲ್ಲ. ಕಳೆದ ನವರಾತ್ರಿಯಲ್ಲಿ ನಮ್ಮ ಮನೆಯ ಆರತಿ ಮುಗಿದು, ಹೆಂಗಸರು ನೆರೆಮನೆಯ ಗೊಂಬೆಗಳನ್ನು ನೋಡಲು ಹೋಗಿದ್ದ ಹೊತ್ತಿನಲ್ಲಿ, ನನ್ನ ತಂಗಿಯ ಮೊಮ್ಮಗನು ಆ ಸಿಪಾಯಿಗಳನ್ನು ಮೆಲ್ಲನೆ ಇಳಿಸಿ, ನೆಲದ ಮೇಲೆ ಎರಡು ಪಕ್ಷವಾಗಿ ಹೂಡಿ, ಗೋಲಿಗಳನ್ನು ಉರುಳಿಸಿ ಕೆಡಹುತ್ತಿದ್ದನು. ನನ್ನನ್ನು ಕಂಡು ಮೊದಲು ಬೆದರಿದನು, ನಾನು ಗದರಲಿಲ್ಲವೆಂದು ತಿಳಿದ ಮೇಲೆ, “ಅಜ್ಜ, ಇಂಥ ಆಟಕ್ಕೆ ಬೇರೆ ದೇಶಗಳಲ್ಲಿ ಕಾಯಿದೆಯ ಪುಸ್ತಕಗಳೇ ಇವೆಯಂತಲ್ಲ? ಅವುಗಳಲ್ಲಿ ನಿಮಗೆ ಯಾವುದು ಇಷ್ಟ?” ಎಂದು ಕೇಳಿದನು.

ಪ್ರಶ್ನೆ ಹುಡುಗನದು, ಆದರೆ ಉತ್ತರ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಸಮರಕ್ರೀಡೆಯೆಂಬುದು ಇನ್ನೂರೈವತ್ತು ವರ್ಷಗಳಿಂದ ದೊರೆಗಳನ್ನೂ ಸೇನಾಪತಿಗಳನ್ನೂ ಕಾದಂಬರಿಕಾರರನ್ನೂ ಒಂದೇ ಸಮನಾಗಿ ಮರುಳುಗೊಳಿಸಿದ ವಿನೋದ. ಅದು ಕೆಲವೆಡೆ ಬರಿಯ ವಿನೋದವಾಗಿಯೇ ಉಳಿಯಿತು. ಕೆಲವೆಡೆ ನಿಜವಾದ ರಣರಂಗಕ್ಕೆ ಮೆಟ್ಟಿಲಾಯಿತು. ಇವುಗಳಲ್ಲಿ ಒಂದನ್ನು ‘ಇದು ನನಗೆ ಪ್ರಿಯ’ ಎಂದು ಆರಿಸಿಕೊಳ್ಳಬೇಕಾದರೆ, ಯುದ್ಧವನ್ನು ಆಟವಾಗಿ ಆಡುವುದು ಯೋಗ್ಯವೇ ಎಂಬ ಪ್ರಶ್ನೆಯನ್ನೂ ಕೂಡಿಯೇ ಎದುರಿಸಬೇಕಾಗುತ್ತದೆ. ಆ ರಾತ್ರಿ ಹುಡುಗನಿಗೆ ಅರೆಬರೆಯಾಗಿ ಹೇಳಿದುದನ್ನು ಇಲ್ಲಿ ಕ್ರಮವಾಗಿ ಬರೆದಿಡಲು ಯತ್ನಿಸಿದ್ದೇನೆ.

೧

ಯುದ್ಧದ ಆಟಗಳ ವಂಶವೃಕ್ಷವನ್ನು ಬರೆಯುವವರು ಯಾವ ದೇಶದವರೇ ಆಗಲಿ, ಬೇರನ್ನು ನಮ್ಮ ದೇಶದಲ್ಲಿಯೇ ಅರಸಬೇಕು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಚತುರಂಗ. ಆ ಸೇನೆಯ ಹೆಸರೇ ಆಟದ ಹೆಸರೂ ಆಯಿತು. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿ ಇದರ ಸೂಚನೆಯುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಅರಸನಿಗೆ ಉಚಿತವಾದ ವಿನೋದಗಳ ನಡುವೆ ಚತುರಂಗಕ್ಕೂ ಸ್ಥಾನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ ತೋರಿದ ಆಸಕ್ತಿಯಂತೂ ನಮ್ಮವರಿಗೆ ತಿಳಿದುದೇ ಆಗಿದೆ: ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ತುರಗಗತಿಯ ಬಂಧಗಳನ್ನು ಅವರು ಸ್ವತಃ ರಚಿಸಿದರು.

ಆದರೆ ಚದುರಂಗವು ಯುದ್ಧದ ಸಾರವನ್ನು ಮಾತ್ರ ಇಳಿಸಿಕೊಂಡ ಆಟ. ಅದರಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಕೆಸರಿನಲ್ಲಿ ಹೂತ ಗಾಡಿಯಿಲ್ಲ. ದಾರಿ ತಪ್ಪಿದ ದಂಡಿಲ್ಲ. ಎದುರಾಳಿಯ ಸೇನೆಯೆಲ್ಲವೂ ಕಣ್ಣ ಮುಂದೆಯೇ ಇರುತ್ತದೆ. ಕಾಲಾಳು ಆನೆಯನ್ನು ಹೊಡೆದರೆ ಆನೆ ಬಿದ್ದೇ ಬೀಳುವುದು. ‘ಒಂದು ವೇಳೆ ಬೀಳದಿದ್ದರೆ’ ಎಂಬ ಸಂದೇಹಕ್ಕೆ ಅಲ್ಲಿ ಎಡೆಯಿಲ್ಲ. ರಣರಂಗವನ್ನು ಕಂಡವರಿಗೆ ಈ ನಿಶ್ಚಯವೇ ಒಂದು ಕೊರತೆಯಾಗಿ ತೋರಿತು. ನಮ್ಮ ಹಳ್ಳಿಯ ಜಗಲಿಗಳ ಮೇಲೆ ಕೆತ್ತಿರುವ ಹುಲಿ-ಕುರಿಯಾಟವು ಒಂದು ವಿಷಯದಲ್ಲಿ ಚದುರಂಗಕ್ಕಿಂತ ನಿಜಕ್ಕೆ ಹತ್ತಿರವೆನ್ನಬೇಕು. ಅಲ್ಲಿ ಎರಡು ಪಕ್ಷಗಳ ಬಲವೂ ಸಮವಲ್ಲ, ಗುರಿಯೂ ಒಂದಲ್ಲ. ಲೋಕದ ಯುದ್ಧಗಳೂ ಬಹುಮಟ್ಟಿಗೆ ಹಾಗೆಯೇ.

೨

ಚದುರಂಗದ ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಮುಖ್ಯನಾದವನು ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದ ಗಣಿತೋಪಾಧ್ಯಾಯ ಯೋಹಾನ್ ಹೆಲ್ವಿಗ್. ಅವನ ಗ್ರಂಥವು ೧೭೮೦ರಲ್ಲಿ ಪ್ರಕಟವಾಯಿತು. ಅವನು ಚದುರಂಗದ ಹಾಸನ್ನು ೧೬೧೭ ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ನೀರು, ಕಾಡು, ಜೌಗುಗಳಿಗೆ ಬೇರೆ ಬೇರೆ ಬಣ್ಣಗಳನ್ನು ಕೊಟ್ಟನು. ಕಾಯಿಗಳಿಗೆ ಕಾಲಾಳು, ರಾವುತ, ಫಿರಂಗಿಗಳ ನಡೆಯನ್ನು ಕಲ್ಪಿಸಿದನು. ಆಳುವ ಮನೆತನಗಳ ಹುಡುಗರಿಗೆ ಯುದ್ಧಶಾಸ್ತ್ರವನ್ನು ಬೇಸರವಿಲ್ಲದಂತೆ ಕಲಿಸಬೇಕೆಂಬುದು ಅವನ ಉದ್ದೇಶ. ಆಟವು ಜನಪ್ರಿಯವಾಯಿತು, ಆದರೆ ಮನೆಗಳ ಗೆರೆಗಳು ಉಳಿದೇ ಉಳಿದುವು. ಹೊಳೆಯು ಚೌಕವಾಗಿ ಹರಿಯುವುದಿಲ್ಲ; ಬೆಟ್ಟವು ಕೋನಗಳನ್ನು ಹಿಡಿದು ಏರುವುದಿಲ್ಲ.

ಗೆರೆಗಳನ್ನು ಅಳಿಸಿದವನು ಪ್ರಷ್ಯಾ ರಾಜ್ಯದ ಬ್ರೆಸ್ಲಾವಿನಲ್ಲಿ ಅಧಿಕಾರಿಯಾಗಿದ್ದ ಫಾನ್ ರೈಸ್‌ವಿಟ್ಸ್ ಎಂಬ ಗೃಹಸ್ಥ. ಅವನು ೧೮೧೨ರಲ್ಲಿ ದೊರೆ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮನಿಗೆ ಒಂದು ದೊಡ್ಡ ಮೇಜನ್ನು ಒಪ್ಪಿಸಿದನು. ಅದರ ಮೇಲೆ ಉಬ್ಬು ತಗ್ಗುಗಳಿಂದ ಕೂಡಿದ, ಬಣ್ಣ ಹಚ್ಚಿದ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಿ ಯಾವ ಸೀಮೆಯನ್ನಾದರೂ ನಿರ್ಮಿಸಬಹುದಾಗಿತ್ತು. ದಂಡುಗಳ ನಡೆಯನ್ನು ಮನೆಗಳಿಂದ ಎಣಿಸದೆ ಅಳತೆಗೋಲಿನಿಂದ ಅಳೆಯುತ್ತಿದ್ದರು. ಇದನ್ನು ಆಸಕ್ತಿಯಿಂದ ಆಡಿದ ರಾಜಕುಮಾರರಲ್ಲಿ ಒಬ್ಬನು ವಿಲ್ಹೆಲ್ಮ್. ಅವನೇ ಮುಂದೆ ಜರ್ಮನಿಯ ಮೊದಲ ಚಕ್ರವರ್ತಿಯಾದವನು.

ತಂದೆಯ ಆಟಿಕೆಯನ್ನು ಶಾಸ್ತ್ರವಾಗಿ ಮಾರ್ಪಡಿಸಿದವನು ಅವನ ಮಗ. ಕಿರಿಯ ರೈಸ್‌ವಿಟ್ಸನು ಪ್ರಷ್ಯಾದ ಫಿರಂಗಿದಳದಲ್ಲಿ ಅಧಿಕಾರಿ. ಅವನು ೧೮೨೪ರಲ್ಲಿ ಪ್ರಕಟಿಸಿದ ಕಾಯಿದೆಗಳನ್ನು ಓದಿದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಬಣ್ಣದ ಬಿಲ್ಲೆಗಳನ್ನು ಬಿಟ್ಟು ಅವನು ೧ಕ್ಕೆ ೮೦೦೦ದ ಪ್ರಮಾಣದ ನಿಜವಾದ ಭೂಪಟವನ್ನು ಹಾಸಿದನು. ಒಂದೊಂದು ಸರದಿಯೂ ರಣರಂಗದ ಎರಡು ನಿಮಿಷಗಳಿಗೆ ಸಮ. ಅಷ್ಟು ಹೊತ್ತಿನಲ್ಲಿ ಕಾಲಾಳು ಎಷ್ಟು ದೂರ ನಡೆಯಬಲ್ಲನೋ ಅಷ್ಟೇ ದೂರ ಕಾಯಿ ನಡೆಯಬೇಕು. ಗುಂಡಿನ ಪರಿಣಾಮವನ್ನು ನಿರ್ಣಯಿಸಲು ದಾಳಗಳು. ಆದರೆ ದಾಳದ ಮುಖಗಳ ಮೇಲೆ ಬರೆದ ಅಂಕಿಗಳು, ಯಾವ ದೂರದಲ್ಲಿ ಯಾವ ಆಯುಧದಿಂದ ಎಷ್ಟು ಮಂದಿ ಬೀಳಬಹುದೆಂಬ ಅನುಭವದ ಲೆಕ್ಕವನ್ನು ಆಧರಿಸಿದುವು. ನಮ್ಮ ಭಾರತದಲ್ಲಿ ಪಗಡೆಯಾಟದಿಂದ ಯುದ್ಧ ಹುಟ್ಟಿತು. ರೈಸ್‌ವಿಟ್ಸನಲ್ಲಿ ಯುದ್ಧವೇ ದಾಳದೊಳಗೆ ಅಡಗಿ ಕುಳಿತಿತು.

ಇದಕ್ಕಿಂತಲೂ ಹೆಚ್ಚಿನ ಕಲ್ಪನೆಯೆಂದರೆ ಮಧ್ಯಸ್ಥನದು. ಆಟಗಾರರು ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಕೊಡಬೇಕು. ಕಾಯಿಗಳನ್ನು ನಡೆಸುವವನು ಅವನು. ಶತ್ರುವಿನ ದಂಡುಗಳಲ್ಲಿ ನಮ್ಮ ದಂಡಿನ ಕಣ್ಣಿಗೆ ಬೀಳಬಹುದಾದುವನ್ನು ಮಾತ್ರ ಅವನು ಭೂಪಟದ ಮೇಲಿಡುತ್ತಾನೆ. ಗುಡ್ಡದ ಹಿಂದೆ ಏನಿದೆಯೋ ನಮಗೆ ತಿಳಿಯದು. ಹೀಗೆ ಪ್ರತಿಯೊಬ್ಬ ಸೇನಾಪತಿಯೂ ಒಬ್ಬ ಧೃತರಾಷ್ಟ್ರ. ಸಂಜಯನು ಹೇಳಿದಷ್ಟೇ ಅವನಿಗೆ ಕುರುಕ್ಷೇತ್ರ. ಭೇದವಿಷ್ಟೇ: ಈ ಸಂಜಯನು ಕಂಡುದೆಲ್ಲವನ್ನೂ ಹೇಳುವವನಲ್ಲ.

ಪ್ರಧಾನ ಸೇನಾಕಾರ್ಯಾಲಯದ ಮುಖ್ಯಸ್ಥನಾಗಿದ್ದ ಮ್ಯುಫ್ಲಿಂಗನು ಮೊದಲು ಉದಾಸೀನನಾಗಿ ನೋಡಲು ಕುಳಿತು, ಕೊನೆಗೆ, ಇದು ಆಟವಲ್ಲ, ಯುದ್ಧದ ಪಾಠಶಾಲೆಯೆಂಬ ಅರ್ಥದ ಮಾತನ್ನಾಡಿ ಮೇಲೆದ್ದನೆಂಬುದು ಪ್ರಸಿದ್ಧವಾಗಿದೆ. ಸೇನೆಯಲ್ಲೆಲ್ಲ ಆಟವು ಹರಡಿತು. ಆದರೆ ಅದನ್ನು ನಿರ್ಮಿಸಿದವನಿಗೆ ಸುಖವಾಗಲಿಲ್ಲ. ಬರ್ಲಿನ್ನಿನಿಂದ ದೂರದ ಟೊರ್ಗಾವಿಗೆ ಅವನಿಗೆ ವರ್ಗವಾಯಿತು. ಅದನ್ನವನು ದೇಶಭ್ರಷ್ಟತೆಯಂತೆಯೇ ಭಾವಿಸಿ ಕುಗ್ಗಿ, ೧೮೨೭ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ಪ್ರಷ್ಯಾ ೧೮೬೬ರಲ್ಲಿ ಆಸ್ಟ್ರಿಯವನ್ನೂ ೧೮೭೦-೭೧ರಲ್ಲಿ ಫ್ರಾನ್ಸನ್ನೂ ಸೋಲಿಸಿದಾಗ, ಈ ಜಯದ ಗುಟ್ಟೇನೆಂದು ಅರಸಿದ ಅನ್ಯರಾಷ್ಟ್ರಗಳ ಕಣ್ಣು ಈ ಆಟದ ಮೇಲೆ ಬಿತ್ತು. ಇಂಗ್ಲೆಂಡಿಗಾಗಿ ೧೮೭೨ರಲ್ಲಿ ಕಾಯಿದೆಗಳನ್ನು ಅಳವಡಿಸಿದವನು ಕ್ಯಾಪ್ಟನ್ ಎವೆಲಿನ್ ಬೇರಿಂಗ್. ಅದೇ ವರ್ಷ ಅವನು ವೈಸರಾಯ್ ನಾರ್ತ್‌ಬ್ರೂಕನ ಆಪ್ತ ಕಾರ್ಯದರ್ಶಿಯಾಗಿ ನಮ್ಮ ದೇಶಕ್ಕೆ ಬಂದನು. ಮುಂದೆ ಲಾರ್ಡ್ ಕ್ರೋಮರ್ ಎಂಬ ಹೆಸರಿನಿಂದ ಈಜಿಪ್ಟನ್ನು ಆಳಿದವನೂ ಅವನೇ. ಮೇಜಿನ ಮೇಲೆ ದಂಡು ನಡೆಸುವುದನ್ನು ಕಲಿಸಿದ ಕೈಗೆ ದೇಶಗಳನ್ನು ನಡೆಸುವ ಅಧಿಕಾರವೂ ಬಂದಿತೆಂಬುದನ್ನು ಗಮನಿಸಬೇಕು. ೧೮೭೬ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಪ್ರಷ್ಯಾದ ಸೇನಾನಿಯು ದಾಳವನ್ನೂ ಕೋಷ್ಟಕಗಳನ್ನೂ ಬದಿಗಿಟ್ಟು, ಅನುಭವಿಯಾದ ಮಧ್ಯಸ್ಥನ ವಿವೇಕವೊಂದೇ ಸಾಕೆಂದನು. ಆಟವು ಇದರಿಂದ ವೇಗವಾಗಿ ನಡೆಯಿತೆಂಬುದು ನಿಜ. ಆದರೆ ಮಧ್ಯಸ್ಥನಿಗೆ ಪಕ್ಷಪಾತ ಹತ್ತಿದರೆ ಗತಿಯೇನೆಂಬ ಪ್ರಶ್ನೆಯೂ ಅಂದೇ ಹುಟ್ಟಿತು.

೩

ಇದುವರೆಗೆ ಹೇಳಿದುದು ಕಛೇರಿಯ ಆಟ. ಇನ್ನು ಮನೆಯ ಆಟಕ್ಕೆ ಬರೋಣ.

ಹದಿನೆಂಟನೆಯ ಶತಮಾನದಲ್ಲಿಯೇ ನ್ಯೂರೆಂಬರ್ಗ್ ಮೊದಲಾದ ಜರ್ಮನ್ ಪಟ್ಟಣಗಳ ಕುಶಲಕರ್ಮಿಗಳು ತವರದ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಎಂಬವರ ಕಾರ್ಖಾನೆಯವರು ೧೮೯೩ರಲ್ಲಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಹೊಯ್ಯುವ ಉಪಾಯವನ್ನು ಕಂಡುಹಿಡಿದರು. ಲೋಹ ಕಡಮೆಯಾದುದರಿಂದ ಬೆಲೆಯೂ ಕಡಮೆಯಾಯಿತು. ಮಧ್ಯಮವರ್ಗದ ಮನೆಯ ಹುಡುಗನೂ ಒಂದು ಸಣ್ಣ ಸೇನೆಗೆ ಒಡೆಯನಾಗಬಹುದಾಯಿತು.

ಇದಕ್ಕೂ ಮುಂಚೆ, ೧೮೮೦ರಿಂದ ೮೨ರವರೆಗಿನ ಎರಡು ಚಳಿಗಾಲಗಳಲ್ಲಿ, ಸ್ವಿಟ್ಸರ್‌ಲೆಂಡಿನ ದಾವೋಸಿನಲ್ಲಿ ಶ್ವಾಸಕೋಶದ ಬೇನೆಗೆ ಚಿಕಿತ್ಸೆ ಪಡೆಯುತ್ತಿದ್ದ ಗ್ರಂಥಕರ್ತ ರಾಬರ್ಟ್ ಲೂಯಿ ಸ್ಟೀವನ್‌ಸನ್ನನು ತನ್ನ ಹೆಂಡತಿಯ ಮೊದಲ ಮದುವೆಯ ಮಗನೊಡನೆ ಅಟ್ಟದ ನೆಲದ ಮೇಲೆ ಯುದ್ಧಗಳನ್ನಾಡಿದನು. ಬಣ್ಣದ ಸೀಮೆಸುಣ್ಣದಿಂದ ಹೊಳೆ, ದಾರಿ, ಊರುಗಳನ್ನು ಬರೆದು, ನೂರಾರು ಗೊಂಬೆಗಳನ್ನು ನಡೆಸಿ, ಕದನದ ವಾರ್ತೆಗಳನ್ನು ಪತ್ರಿಕೆಗಳ ಧಾಟಿಯಲ್ಲಿ ತಾನೇ ಬರೆಯುತ್ತಿದ್ದನು. ಹಾಸಿಗೆ ಹಿಡಿಯಬೇಕಾಗಿದ್ದ ರೋಗಿಯೊಬ್ಬನು ನೆಲದ ಮೇಲೆ ತೆವಳುತ್ತ ಚಿಕ್ಕ ಹುಡುಗನಿಗೆ ಸರಿಸಮನಾಗಿ ಜಗಳವಾಡುತ್ತಿದ್ದುದನ್ನು ಆ ಹುಡುಗನು ದೊಡ್ಡವನಾದ ಮೇಲೆ, ೧೮೯೮ರಲ್ಲಿ, ಅಮೆರಿಕೆಯ ಒಂದು ಮಾಸಪತ್ರಿಕೆಯಲ್ಲಿ ವರ್ಣಿಸಿದನು.

ಇಂಥ ಮನೆಯ ಆಟಕ್ಕೆ ಕಾಯಿದೆಯನ್ನು ಕಟ್ಟಿ ಅಚ್ಚು ಮಾಡಿಸಿದವನು ಎಚ್. ಜಿ. ವೆಲ್ಸ್. ಅವನ ‘ಲಿಟ್ಲ್ ವಾರ್ಸ್’ ಎಂಬ ಸಣ್ಣ ಪುಸ್ತಕವು ೧೯೧೩ರಲ್ಲಿ ಹೊರಬಿದ್ದಿತು. ಹನ್ನೆರಡರಿಂದ ನೂರೈವತ್ತು ವರ್ಷದವರೆಗಿನ ಹುಡುಗರಿಗೂ, ಹುಡುಗರ ಆಟಗಳನ್ನು ಮೆಚ್ಚುವ ಬುದ್ಧಿವಂತೆಯರಾದ ಹುಡುಗಿಯರಿಗೂ ಇದು ಮೀಸಲೆಂದು ಅವನು ಮುಖಪತ್ರದಲ್ಲಿಯೇ ನಗೆಯಾಡಿದ್ದಾನೆ. ಆಟದ ಹುಟ್ಟನ್ನೂ ಹಾಗೆಯೇ ನಗುತ್ತ ಹೇಳಿದ್ದಾನೆ. ಅಂಗುಲದುದ್ದದ ಮರದ ತುಂಡನ್ನು ಚಿಮ್ಮುವ ಆಟಿಕೆಯ ಫಿರಂಗಿಯೊಂದು ಮನೆಯಲ್ಲಿತ್ತು. ಊಟಕ್ಕೆ ಬಂದ ಮಿತ್ರನೊಬ್ಬನು ಊಟವಾದ ಮೇಲೆ ಅದನ್ನು ಕೈಗೆತ್ತಿಕೊಂಡು ಗೊಂಬೆಯೊಂದಕ್ಕೆ ಗುರಿಯಿಟ್ಟು ಕೆಡಹಿದನು. ಇನ್ನೊಬ್ಬನಿಗೆ ಸವಾಲು ಹಾಕಿದನು. ವೆಲ್ಸನು ಹೆಸರಿನ ಮೊದಲಕ್ಷರಗಳಿಂದ ಮಾತ್ರ ಸೂಚಿಸಿರುವ ಈ ಮಿತ್ರನು ಹಾಸ್ಯಲೇಖಕ ಜೆರೋಮ್ ಕೆ. ಜೆರೋಮನೆಂದು ತಿಳಿಯುತ್ತಾರೆ.

ವೆಲ್ಸನ ಕಾಯಿದೆಗಳು ಕೆಲವೇ ಪುಟಗಳು. ಪುಸ್ತಕಗಳ ಅಟ್ಟಿಗಳೇ ಗುಡ್ಡಗಳು. ಮರದ ಇಟ್ಟಿಗೆಗಳೇ ಮನೆಗಳು. ಗಿಡದ ರೆಂಬೆಗಳೇ ಕಾಡು. ನಡುವೆ ಪರದೆಯನ್ನು ಎಳೆದು ಉಭಯ ಪಕ್ಷದವರೂ ತಮ್ಮ ತಮ್ಮ ಸೇನೆಯನ್ನು ಗುಟ್ಟಾಗಿ ಹೂಡಬೇಕು; ಪರದೆ ಸರಿದ ಮೇಲೆ ಯುದ್ಧ. ಕಾಲಾಳು ಒಂದು ಸರದಿಗೆ ಒಂದು ಅಡಿ, ರಾವುತನು ಎರಡು ಅಡಿ. ಫಿರಂಗಿಯ ಹತ್ತಿರ, ಆರಂಗುಲದೊಳಗೆ, ನಾಲ್ಕು ಮಂದಿಯಾದರೂ ತನ್ನ ಪಕ್ಷದವರಿದ್ದರೆ ಮಾತ್ರ ಅದು ಹಾರಬಹುದು. ಒಂದೊಂದು ಸರದಿಗೂ ಗಡಿಯಾರದ ಕಟ್ಟುಪಾಡುಂಟು. ಆಲೋಚಿಸುತ್ತ ಕುಳಿತವನು ಕೆಟ್ಟನು. ಕೈಗೆ ಕೈ ಬೆರೆಯುವ ಕಾಳಗವನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದುದನ್ನು ವೆಲ್ಸನು ಬೇಗನೆ ಬಿಟ್ಟುಬಿಟ್ಟನು. ಸಮಸಂಖ್ಯೆಯ ದಳಗಳು ಬೆರೆತರೆ ಎರಡೂ ಅಳಿಯಲೆಂದು ನಿಯಮಿಸಿದನು. ದಾಳವಿಲ್ಲ, ಕೋಷ್ಟಕವಿಲ್ಲ. ಗೊಂಬೆ ಬೀಳಬೇಕಾದರೆ ನಿಜವಾಗಿಯೂ ಗುಂಡು ತಾಗಿ ಬೀಳಬೇಕು.

ಪುಸ್ತಕದ ಕೊನೆಯಲ್ಲಿ ವೆಲ್ಸನ ಧ್ವನಿ ಬದಲಾಗುತ್ತದೆ. ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ, ನಿಜವಾದ ಮಹಾಯುದ್ಧವು ಎಷ್ಟು ಎಡವಟ್ಟಿನ ಕೆಲಸವಾಗಿರಬೇಕೆಂಬುದು ತಾನಾಗಿಯೇ ತಿಳಿದೀತೆಂದು ಅವನ ಅಭಿಪ್ರಾಯ. ಯುದ್ಧದಾಹವುಳ್ಳ ಅರಸರನ್ನೂ ದೇಶಾಭಿಮಾನದ ಕೂಗುಮಾರಿಗಳನ್ನೂ ಒಂದು ದೊಡ್ಡ ಕೊಠಡಿಯಲ್ಲಿ ಕೂಡಿ, ಬೇಕಾದಷ್ಟು ಸೀಸದ ಸಿಪಾಯಿಗಳನ್ನು ಕೊಟ್ಟು, ಲೋಕದ ಜನರನ್ನು ಅವರವರ ಪಾಡಿಗೆ ಬಿಡಬೇಕೆಂಬುದು ಅವನ ಹಾರೈಕೆಯ ತಾತ್ಪರ್ಯ.

ಪುಸ್ತಕ ಹೊರಬಿದ್ದ ಮರುವರ್ಷದ ಆಗಸ್ಟಿನಲ್ಲಿ ಮಹಾಯುದ್ಧವು ಬಂದೇ ಬಂದಿತು. ಅದೇ ವೆಲ್ಸನು ಆ ಯುದ್ಧವನ್ನು ಸಮರ್ಥಿಸಿ, ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವಿದೆಂಬ ಹೆಸರಿನಲ್ಲಿ ಪುಸ್ತಕ ಬರೆದನು. ಅದು ಯಾವುದನ್ನೂ ಕೊನೆಗಾಣಿಸಲಿಲ್ಲವೆಂಬುದು ೧೯೩೯ರಲ್ಲಿ ಸ್ಪಷ್ಟವಾಯಿತು. ಆ ಮೊದಲ ಯುದ್ಧದಲ್ಲಿ ನಮ್ಮ ದೇಶದ ಹತ್ತು ಲಕ್ಷಕ್ಕೂ ಮಿಕ್ಕ ಜನ ಕಡಲಾಚೆಗೆ ಹೋದರು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಮೇಲೆ ಕುದುರೆಗಳನ್ನು ಏರಿಸಿಕೊಂಡು ಹೋದವರಲ್ಲಿ ಜೋಧಪುರದವರೊಡನೆ ಮೈಸೂರಿನ ಲ್ಯಾನ್ಸರ್ ದಳದ ರಾವುತರೂ ಇದ್ದರು. ಬೆಂಗಳೂರಿನಲ್ಲಿರುವ ಅವರ ಸ್ಮಾರಕದ ಮುಂದೆ ನಿಂತಾಗಲೆಲ್ಲ, ರಾವುತನ ನಡೆ ಎರಡು ಅಡಿಯೆಂಬ ಆ ಕಾಯಿದೆ ನನಗೆ ನೆನಪಾಗುತ್ತದೆ.

೪

ಆಟವು ರಣರಂಗಕ್ಕೆ ಮೆಟ್ಟಿಲಾದ ಬಗೆಗೆ ಎರಡನೆಯ ಮಹಾಯುದ್ಧದಿಂದ ಎರಡು ನಿದರ್ಶನಗಳನ್ನು ಕೊಡುವೆನು, ಎರಡೂ ೧೯೪೨ರವು.

ಮೊದಲನೆಯದು ಜಪಾನಿನದು. ಮಿಡ್‌ವೇ ದ್ವೀಪದ ಮೇಲಣ ದಾಳಿಗೆ ಮುನ್ನ ಜಪಾನಿನ ನೌಕಾಧಿಕಾರಿಗಳು ಯಮಾಟೊ ಎಂಬ ಯುದ್ಧನೌಕೆಯಲ್ಲಿ ಕುಳಿತು ಆ ದಾಳಿಯನ್ನು ಮೇಜಿನ ಮೇಲೆ ಆಡಿ ನೋಡಿದರು. ಆ ಯುದ್ಧದಲ್ಲಿ ಭಾಗಿಯಾಗಿದ್ದ ಫುಚಿಡ ಎಂಬ ಅಧಿಕಾರಿಯು ಮುಂದೆ ಬರೆದಿಟ್ಟಿರುವ ಪ್ರಕಾರ, ದಾಳಗಳು ಬಿದ್ದ ಬಗೆಯಿಂದ ಅಕಾಗಿ ಮತ್ತು ಕಾಗ ಎಂಬ ವಿಮಾನವಾಹಕ ನೌಕೆಗಳೆರಡೂ ಮುಳುಗಿದುವೆಂದು ತೀರ್ಮಾನವಾಯಿತು. ಮಧ್ಯಸ್ಥನಾಗಿದ್ದ ಉಗಾಕಿಯು ಶತ್ರುವಿನ ಒಂಬತ್ತು ಪೆಟ್ಟುಗಳನ್ನು ಮೂರಕ್ಕೆ ಇಳಿಸಿದನು, ಅಕಾಗಿ ಉಳಿಯಿತು. ಮುಳುಗಿದ ಕಾಗವೂ ಮುಂದಿನ ಆಟದಲ್ಲಿ ಮತ್ತೆ ತೇಲಿತು. ಜೂನ್ ತಿಂಗಳ ನಿಜವಾದ ಕದನದಲ್ಲಿ ಅಕಾಗಿ, ಕಾಗಗಳೂ ಅವುಗಳೊಡನೆ ಇನ್ನೆರಡು ವಾಹಕಗಳೂ ಮುಳುಗಿದುವು. ಅಲ್ಲಿ ಅಂಕಿಗಳನ್ನು ತಿದ್ದುವ ಮಧ್ಯಸ್ಥನಿರಲಿಲ್ಲ.

ಎರಡನೆಯದು ಇಂಗ್ಲೆಂಡಿನ ಲಿವರ್‌ಪೂಲಿನದು. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಸರಕಿನ ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದ ಕಾಲ. ಅನಾರೋಗ್ಯದಿಂದ ಸೇವೆಯನ್ನು ಬಿಟ್ಟಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿಯನ್ನು ಮರಳಿ ಕರೆದು, ಇದಕ್ಕೊಂದು ಉಪಾಯವನ್ನು ಹುಡುಕೆಂದರು. ಅವನು ಒಂದು ಕೊಠಡಿಯ ನೆಲವನ್ನೇ ಸಾಗರವಾಗಿ ಮಾಡಿ, ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರ ನೆರವಿನಿಂದ, ಸೀಮೆಸುಣ್ಣದ ಗೆರೆಗಳ ಮೇಲೆ ಸಣ್ಣ ಹಡಗುಗಳನ್ನು ನಡೆಸಿದನು. ಹಡಗಿನ ಕಪ್ತಾನರು ತೆರೆಯ ಹಿಂದಿನ ಸಂದಿನಿಂದ ಮಾತ್ರ ನೋಡಬೇಕು. ಕತ್ತಲೆಯ ಕಡಲಿನಲ್ಲಿ ಕಾಣುವಷ್ಟೇ ಅವರಿಗೆ ಕಾಣಬೇಕು. ಹೀಗೆ ಆಡಿದುದರಿಂದ, ಜಲಾಂತರ್ಗಾಮಿಯು ಹೊರಗಿನಿಂದಲ್ಲದೆ ಹಡಗುಗಳ ಸಾಲಿನ ಒಳಗೇ ನುಸುಳಿ ಹೊಡೆದು ಹಿಂದಕ್ಕೆ ಜಾರಿಕೊಳ್ಳುತ್ತದೆಂಬುದು ತಿಳಿದುಬಂದಿತು. ಅದಕ್ಕೆ ತಕ್ಕ ಪ್ರತಿಕ್ರಮವೂ ಸಿಕ್ಕಿತು. ಜಲಾಂತರ್ಗಾಮಿಯ ಪಕ್ಷವನ್ನು ಆಡುತ್ತಿದ್ದವರು ಬಹುಮಟ್ಟಿಗೆ ಆ ತರುಣಿಯರೇ. ಅವರಲ್ಲಿ ಒಬ್ಬಳಾದ ಜ್ಯಾನೆಟ್ ಓಕೆಲ್ಲಳ ಕೈಯಲ್ಲಿ ಹಿರಿಯ ನೌಕಾಪತಿ ಮ್ಯಾಕ್ಸ್ ಹಾರ್ಟನ್ನನೇ ಸೋತನು. ವೆಲ್ಸನ ಮುಖಪತ್ರದ ನಗೆಮಾತು ಮೂವತ್ತು ವರ್ಷಗಳೊಳಗಾಗಿ ನಗೆಮಾತಲ್ಲದಂತಾಯಿತು.

ಈ ಎರಡು ಕಥೆಗಳಿಂದಲೂ ಹೊರಡುವ ನೀತಿಯೊಂದೇ. ಸಮರಕ್ರೀಡೆಯ ಬೆಲೆಯೆಲ್ಲವೂ, ಸೋಲನ್ನು ಸೋಲೆಂದು ಒಪ್ಪುವ ಪ್ರಾಮಾಣಿಕತೆಯಲ್ಲಿದೆ. ಒಪ್ಪಿದವರಿಗೆ ಅದು ಗುರುವಾಯಿತು, ಒಪ್ಪದವರಿಗೆ ಹೊಗಳುಭಟನಾಯಿತು.

೫

೧೯೪೫ರ ತರುವಾಯ, ಈ ಆಟವು ಗೃಹಸ್ಥರ ಹವ್ಯಾಸವಾಗಿ ಹೊಸ ಜನ್ಮವನ್ನೆತ್ತಿತು. ಕ್ಯಾಲಿಫೋರ್ನಿಯದ ಜ್ಯಾಕ್ ಸ್ಕ್ರೂಬಿಯು ಸಣ್ಣ ಗೊಂಬೆಗಳನ್ನು ಎರಕ ಹೊಯ್ದು ಮಾರುತ್ತ, ೧೯೫೭ರಲ್ಲಿ ಇದಕ್ಕೆಂದೇ ಒಂದು ಪತ್ರಿಕೆಯನ್ನು ತೆಗೆದನು. ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನನ ಪುಸ್ತಕವು ೧೯೬೨ರಲ್ಲಿ ಬಂದಿತು. ಈತನು ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿ ಸೇವೆ ಮಾಡಿ ಬಂದವನು. ಅಂಗಮರ್ದನ ಮತ್ತು ವ್ಯಾಯಾಮಗಳಿಂದ ರೋಗಿಗಳ ನೋವನ್ನು ಕಳೆಯುವುದು ಅವನ ವೃತ್ತಿ. ನಿಜವಾದ ಯುದ್ಧವನ್ನು ಕಂಡವರೇ ಇಂಥ ಆಟಗಳಿಗೆ ಕಾಯಿದೆ ಬರೆದುದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಭಯವನ್ನು ಕಂಡವನು ಅದನ್ನು ಅಂಗೈಯಗಲಕ್ಕೆ ಇಳಿಸಿ ಮತ್ತೆ ಮತ್ತೆ ತಿರುವಿ ನೋಡಬಯಸುವುದು ಅಸಹಜವಲ್ಲ.

ಅಮೆರಿಕೆಯಲ್ಲಿ ೧೯೭೧ರಲ್ಲಿ ಗೈಗ್ಯಾಕ್ಸ್ ಮತ್ತು ಪೆರೆನ್ ಎಂಬವರು ಮಧ್ಯಯುಗದ ಯುದ್ಧಗಳಿಗೆ ಬರೆದ ಕಾಯಿದೆಯ ಕೊನೆಯಲ್ಲಿ ಮಾಂತ್ರಿಕರನ್ನೂ ಘಟಸರ್ಪಗಳನ್ನೂ ಸೇರಿಸಿದರು. ಕವಲು ಅಲ್ಲಿಂದ ಒಡೆಯಿತು. ೧೯೮೩ರಲ್ಲಿ ಇಂಗ್ಲೆಂಡಿನಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟವೂ, ೧೯೮೭ರಲ್ಲಿ ಅದೇ ಹೆಸರಿನ ಮುಂದೆ ನಲವತ್ತು ಸಾವಿರವೆಂಬ ಸಂಖ್ಯೆಯನ್ನು ಹೊತ್ತು ದೂರದ ಭವಿಷ್ಯತ್ತಿನ ಕದನಗಳನ್ನು ಕಲ್ಪಿಸುವ ಆಟವೂ ಹೊರಟುವು. ಇಂದು ಲೋಕದಲ್ಲಿ ಹೆಚ್ಚು ಜನ ಬಲ್ಲ ಗೊಂಬೆಯ ಯುದ್ಧವೆಂದರೆ ಇದೇ. ಇದರ ಗೊಂಬೆಗಳ ಸೂಕ್ಷ್ಮವಾದ ಕೆತ್ತನೆಯೂ, ಆಡುವವರು ರಾತ್ರಿಯೆಲ್ಲ ಕುಳಿತು ಕೂದಲೆಳೆಯ ಕುಂಚದಿಂದ ಬಣ್ಣ ಹಚ್ಚುವ ತಾಳ್ಮೆಯೂ ನಮ್ಮ ಕಿನ್ನಾಳದ ಚಿತ್ರಗಾರರು ಮೆಚ್ಚತಕ್ಕವು. ಇನ್ನೊಂದು ಕಡೆ, ಫಿಲ್ ಬಾರ್ಕರ್ ಮೊದಲಾದವರು ೧೯೯೦ರಲ್ಲಿ ಪ್ರಕಟಿಸಿದ ಪ್ರಾಚೀನ ಯುದ್ಧಗಳ ಸಂಕ್ಷಿಪ್ತ ಕಾಯಿದೆಯಲ್ಲಿ, ಒಂದೊಂದು ಪಕ್ಷಕ್ಕೆ ಹನ್ನೆರಡೇ ತುಕಡಿಗಳು; ಎರಡು ಅಡಿ ಚೌಕದ ಹಲಗೆ ಸಾಕು; ಸುಮಾರು ಒಂದು ಗಂಟೆಯಲ್ಲಿ ಒಂದು ಯುದ್ಧ ಮುಗಿಯುತ್ತದೆ. ಅದರಲ್ಲಿ ಹೆಸರಿಸಿರುವ ನೂರಾರು ಸೇನೆಗಳಲ್ಲಿ ನಮ್ಮ ದೇಶದ ಆನೆಯ ಸೇನೆಗಳಿಗೂ ಸ್ಥಾನವುಂಟು.

೬

ಇನ್ನು ಆಯ್ಕೆ. ಇಂಥ ಆಟವನ್ನು ಉಜ್ಜಿ ನೋಡಲು ನನಗೆ ಮೂರು ಒರೆಗಲ್ಲುಗಳು ತೋರುತ್ತವೆ. ಅದು ಯುದ್ಧವನ್ನು ನಿಜವಾಗಿ ತೋರಿಸುತ್ತದೆಯೇ? ಸಾಮಾನ್ಯ ಗೃಹಸ್ಥನ ಕೈಗೆ ಎಟಕುತ್ತದೆಯೇ? ಆಟ ಮುಗಿದ ಮೇಲೆ ಆಡಿದವನ ಮನಸ್ಸಿನಲ್ಲಿ ಏನುಳಿಯುತ್ತದೆ?

ಮೊದಲನೆಯದರಲ್ಲಿ ಕಿರಿಯ ರೈಸ್‌ವಿಟ್ಸನಿಗೆ ಸಮಾನರಿಲ್ಲ. ಕಾಣದ ಶತ್ರು, ತಡವಾಗಿ ತಲುಪುವ ಆಜ್ಞೆ, ಬರಿಯ ಬುದ್ಧಿಗೆ ಅಧೀನವಾಗದ ಅದೃಷ್ಟ: ಯುದ್ಧದ ಈ ಮೂರು ಸತ್ಯಗಳನ್ನೂ ಅವನು ಇಪ್ಪತ್ತನಾಲ್ಕರ ಆ ಪುಸ್ತಕದಲ್ಲಿಯೇ ಹಿಡಿದಿಟ್ಟನು, ತರುವಾಯದವರೆಲ್ಲರೂ ಅವನಿಗೆ ಋಣಿಗಳು. ಎರಡನೆಯದರಲ್ಲಿ ಬಾರ್ಕರನ ಹನ್ನೆರಡು ತುಕಡಿಗಳ ಆಟ ಮೇಲು. ಕಲ್ಪನೆಯ ವೈಭವದಲ್ಲಿ ಈಚಿನ ಘಟಸರ್ಪಗಳ ಆಟಗಳೇ ಮುಂದು. ಆದರೆ ಅಲ್ಲಿ ಯುದ್ಧವು ಎಂದೂ ಮುಗಿಯದ, ಯಾರೂ ಅಳದ ಉತ್ಸವವಾಗಿಬಿಟ್ಟಿದೆ. ಪುರಾಣದ ರಾಕ್ಷಸರ ಕಥೆಗಳನ್ನು ಕೇಳಿ ಬೆಳೆದ ನಮಗೆ ಅದು ಹೊಸದಲ್ಲ. ಆದರೆ ನಮ್ಮ ಭಾರತದ ಕಥೆಯಲ್ಲಿ ಹದಿನೆಂಟು ದಿನಗಳ ಯುದ್ಧವಾದ ಮೇಲೆ ಸ್ತ್ರೀಪರ್ವವೂ ಉಂಟೆಂಬುದನ್ನು ಮರೆಯಬಾರದು.

ಮೂರನೆಯ ಒರೆಗಲ್ಲೇ ನನಗೆ ಮುಖ್ಯವಾದುದು. ರೈಸ್‌ವಿಟ್ಸನ ಭೂಪಟದ ಮೇಲೆ ಬಿದ್ದವರು ಅಂಕಿಗಳಾಗುತ್ತಾರೆ. ಇಷ್ಟು ಮಂದಿ ಹೋದರೆಂದು ಮಧ್ಯಸ್ಥನು ಬರೆದುಕೊಳ್ಳುತ್ತಾನೆ; ಸೇನಾಪತಿಯು ಮುಂದಿನ ಆಜ್ಞೆಗೆ ಕೈಹಾಕುತ್ತಾನೆ. ಹಾಗಿರಬೇಕಾದುದು ಸೇನಾಪತಿಯ ಶಿಕ್ಷಣಕ್ಕೆ ಅವಶ್ಯವೇ ಇರಬಹುದು. ವೆಲ್ಸನ ನೆಲದ ಮೇಲಾದರೋ ಆಡುವವನು ಮೊಣಕಾಲೂರಿ, ಮುಖವನ್ನು ನೆಲಕ್ಕೆ ತಂದು, ಒಂದೊಂದು ಗೊಂಬೆಗೂ ತಾನೇ ಗುರಿಯಿಡಬೇಕು. ಅದು ಬೀಳುವುದನ್ನು ಕಣ್ಣಾರೆ ಕಾಣಬೇಕು. ಬಿದ್ದುದನ್ನು ಕೈಯಾರೆ ಎತ್ತಿ ಬದಿಗಿಡಬೇಕು. ಅರ್ಧ ಗಂಟೆಯಲ್ಲಿ, ಎಷ್ಟು ಎಚ್ಚರಿಕೆಯಿಂದ ಹೂಡಿದ ವ್ಯೂಹವೂ ಅಸ್ತವ್ಯಸ್ತವಾಗಿ, ಗೆದ್ದವನ ಬಳಿಯೂ ಕೆಲವೇ ಮಂದಿ ನಿಂತಿರುತ್ತಾರೆ. ಯುದ್ಧವೆಂದರೆ ಇಷ್ಟೇ ಎಂಬ ಹೆಮ್ಮೆ ಆಗ ಉಳಿಯುವುದಿಲ್ಲ. ಇಷ್ಟಕ್ಕೇ ಹೀಗಾದರೆ ಅಷ್ಟಕ್ಕೆ ಹೇಗಾದೀತೆಂಬ ಅಳುಕು ಉಳಿಯುತ್ತದೆ.

ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಆ ಅಳುಕು ಅಷ್ಟು ಸಾರ್ಥಕವಾಗಿದ್ದಲ್ಲಿ, ಅದನ್ನು ಬರೆದವನೇ ಮರುವರ್ಷ ಯುದ್ಧದ ಪಕ್ಷವನ್ನು ಹಿಡಿದುದೇಕೆ? ಆಕ್ಷೇಪ ನ್ಯಾಯವಾದುದೇ. ಯಾವ ಆಟವೂ ಮನುಷ್ಯನನ್ನು ಅವನ ಕಾಲದ ಉದ್ವೇಗದಿಂದ ಕಾಪಾಡಲಾರದು. ಧರ್ಮಗ್ರಂಥಗಳೇ ಕಾಪಾಡಲಾರದೆ ಹೋದಲ್ಲಿ ಸೀಸದ ಗೊಂಬೆಗಳು ಏನು ಮಾಡಿಯಾವು? ಆದರೆ ವೆಲ್ಸನು ಮರೆತನೆಂದ ಮಾತ್ರಕ್ಕೆ ಅವನು ಕಂಡುದು ಸುಳ್ಳಾಗುವುದಿಲ್ಲ. ಆ ಪುಸ್ತಕದ ಕೊನೆಯ ಪುಟಗಳು ೧೯೧೪ಕ್ಕೆ ಮುಂಚೆ ಎಷ್ಟು ನಿಜವೋ ಅನಂತರವೂ ಅಷ್ಟೇ ನಿಜ. ಬರೆದವನು ಅವುಗಳಿಂದ ದೂರ ಸರಿದುದರಿಂದ, ಓದುವವನ ಹೊಣೆ ಹೆಚ್ಚಾಯಿತೆನ್ನಬೇಕು.

ಆದುದರಿಂದ, ಮಧ್ಯಸ್ಥನೊಬ್ಬನನ್ನು ರೈಸ್‌ವಿಟ್ಸನಿಂದ ಎರವಲು ತಂದು ನಿಲ್ಲಿಸಿಕೊಂಡು, ವೆಲ್ಸನ ನೆಲದಾಟವನ್ನೇ ನನಗೆ ಪ್ರಿಯವಾದುದೆಂದು ಹೇಳುತ್ತೇನೆ. ಇದು ಪಂಡಿತರ ತೀರ್ಪಲ್ಲ. ಆಟವನ್ನು ಮೆಚ್ಚಿ ಯುದ್ಧವನ್ನು ಮೆಚ್ಚದ ಒಬ್ಬ ಗೃಹಸ್ಥನ ಒಲವು. ಬೇರೆ ಒಲವಿನವರು ಇದೇ ಪತ್ರಿಕೆಯಲ್ಲಿ ತಮ್ಮ ಪಕ್ಷವನ್ನು ಮಂಡಿಸಿದರೆ ಸಂತೋಷದಿಂದ ಓದುವೆನು.

ಹುಡುಗನಿಗೆ ಹೇಳಿದುದು ಇಷ್ಟು ದೀರ್ಘವಾಗಿರಲಿಲ್ಲ. ಕಾಲಾಳಿಗೆ ಒಂದು ಗೇಣು, ಕುದುರೆಗೆ ಎರಡು ಗೇಣೆಂದು ಅಳತೆಯನ್ನು ಕಿರಿದುಮಾಡಿ, ನಾನೇ ಮಧ್ಯಸ್ಥನಾಗಿ ಕುಳಿತೆನು. ಅವನೂ ಅವನ ಅಕ್ಕನೂ ಮೂರು ರಾತ್ರಿ ಆಡಿದರು. ಮೂರು ಸಲವೂ ಅಕ್ಕನೇ ಗೆದ್ದಳು, ಮೂರನೆಯ ಸಲ ಅವಳ ಕಡೆ ಉಳಿದವರು ಇಬ್ಬರು. ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸುವಾಗ ಹುಡುಗನು ಎರಡು ಪಕ್ಷದ ಸಿಪಾಯಿಗಳನ್ನೂ ಎಣಿಸಿ, ಒಂದೂ ಕಳೆದಿಲ್ಲವೆಂದು ನನಗೆ ಒಪ್ಪಿಸಿ, ಹಳೆಯ ಪಂಚೆಯ ಒಂದೇ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟನು.